ನೀರು ಬೇಡದ ಮಾತ್ರೆ

ಇವತ್ತಿನ ಮಾತ್ರೆಯ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ವೈದ್ಯನಲ್ಲ, ಚಿತ್ರಕಾರ. ಇಂಗ್ಲೆಂಡಿನ ವಿಲಿಯಂ ಬ್ರಾಕ್‌ಡನ್‌ಗೆ ಚಿತ್ರ ಬಿಡಿಸಲು ಒಳ್ಳೆಯ ಪೆನ್ಸಿಲ್ ಬೇಕಿತ್ತು. ಗ್ರಾಫೈಟ್ ಪುಡಿಯನ್ನು ಅಚ್ಚಿನಲ್ಲಿಟ್ಟು ಬಲವಾಗಿ ಒತ್ತಿ ಗಟ್ಟಿ ಮಾಡುವ ಉಪಾಯ ಕಂಡುಕೊಂಡ. ಔಷಧದ ಪುಡಿಗೂ ಇದೇ ಸಾಕೆಂದು 1843ರಲ್ಲಿ ಪೇಟೆಂಟ್ ಪಡೆದ. ಕೈಯಲ್ಲಿ ಉರುಳಿಸಿ ಕಟ್ಟುತ್ತಿದ್ದ ಗುಳಿಗೆಯ ಜಾಗಕ್ಕೆ ಒತ್ತಿದ ಮಾತ್ರೆ ಬಂದದ್ದು ಹೀಗೆ. ಅಳತೆ ಕರಾರುವಾಕ್ಕು. ಕಹಿ ನಾಲಿಗೆಗೆ ಪೂರ್ತಿ ಹತ್ತುವುದರೊಳಗೆ ಒಂದು ಗುಟುಕು ನೀರಿನೊಂದಿಗೆ ಗಂಟಲು ದಾಟಿರುತ್ತದೆ.

ನುಂಗಲು ಬರುವವರ ಮಾತಾಯಿತು ಇದು. ಪಾರ್ಕಿನ್ಸನ್ ರೋಗಿಗಳು, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದವರು, ಪುಟ್ಟ ಮಕ್ಕಳು ಏನು ಮಾಡಬೇಕು? ಮನೆಯವರು ಮಾತ್ರೆ ಕುಟ್ಟಿ ಜೇನುತುಪ್ಪದಲ್ಲೋ ಬಾಳೆಹಣ್ಣಿನಲ್ಲೋ ಬೆರೆಸಿ ತಿನ್ನಿಸುತ್ತಿದ್ದರು, ಈಗಲೂ ತಿನ್ನಿಸುತ್ತಾರೆ.

ಬ್ರಿಟನ್ನಿನ ಜಾನ್ ವೈತ್ ಕಂಪನಿಯವರು ಒತ್ತುವುದನ್ನೇ ಕೈಬಿಟ್ಟು ನೋಡಿದರು. ಆ ದಾರಿಯನ್ನು ಸ್ವಿಂಡನ್ ಊರಿನಲ್ಲಿ ಆರ್.ಪಿ. ಶೆರರ್ ಕಂಪನಿ ಬೆಳೆಸಿತು, ಹೆಸರು ‘ಜೈಡಿಸ್’. ಜೆಲಟಿನ್ ಮತ್ತು ಮ್ಯಾನಿಟಾಲ್ ಸೇರಿದ ದ್ರವದಲ್ಲಿ ಔಷಧ ಬೆರೆಸಿ, ಸ್ಟ್ರಿಪ್ಪಿನ ಗುಳಿಗಳಿಗೇ ನೇರ ಹುಯ್ಯುತ್ತಾರೆ. ದ್ರವರೂಪದ ಸಾರಜನಕದ ಚಳಿಗೆ ಅದು ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ. ಆಮೇಲೆ ಗಾಳಿ ತೆಗೆದ ಕೋಣೆಯಲ್ಲಿಟ್ಟರೆ ಮಂಜುಗಡ್ಡೆ ಕರಗಿ ನೀರಾಗದೆ ನೇರವಾಗಿ ಆವಿಯಾಗಿ ಹೋಗುತ್ತದೆ, ಅದಿದ್ದ ಜಾಗದಲ್ಲೆಲ್ಲ ಸೂಕ್ಷ್ಮ ತೂತುಗಳು ಉಳಿಯುತ್ತವೆ. ಬತ್ತಾಸಿನ ಹಾಗೆ. ನಾಲಿಗೆ ಮೇಲಿಟ್ಟರೆ ಜೊಲ್ಲು ತೂತುಗಳೊಳಗೆ ನುಗ್ಗಿ, ಕೆಲವೇ ಸೆಕೆಂಡಿನಲ್ಲಿ ಮಾತ್ರೆ ಮಾಯ.

ಮಾಯವೇನೋ ಸರಿ, ಕಹಿ ವಾಪಸು ಬಂತಲ್ಲ! ಒಂದೂವರೆ ಶತಮಾನ ನಾಲಿಗೆಯನ್ನು ತಪ್ಪಿಸಿಕೊಂಡು ಓಡಿದ ಔಷಧ ಈಗ ನಾಲಿಗೆ ಮೇಲೇ ಕೂತಿತ್ತು. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಕಹಿ ಔಷಧ. ಅದರ ಜೊಫ್ರಾನ್ ಮಾತ್ರೆಗೆ ಸ್ಟ್ರಾಬೆರಿ ಪರಿಮಳ, ಆಸ್ಪರ್ಟೇಮ್ ಸಿಹಿ ಸೇರಿಸಿದರು. ಇನ್ನೊಂದು ಫಜೀತಿ ಬೆರಳಿಗೆ. ಒತ್ತದೆ ಮಾಡಿದ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಹೆಬ್ಬೆರಳಲ್ಲಿ ಒತ್ತಿ ತೆಗೆದರೆ ಪುಡಿ. ಹಿಂಬದಿಯ ಹಾಳೆಯ ಅಂಚು ಹಿಡಿದು ಸುಲಿಯಬೇಕು, ಕೈ ಒದ್ದೆ ಇರಬಾರದು, ತೆಗೆದ ಕೂಡಲೇ ಬಾಯಿಗೆ ಹಾಕಿಕೊಳ್ಳಬೇಕು. ಯಾರ ಗಂಟಲಿನ ಕಷ್ಟ ನೋಡಿ ಇದನ್ನು ಮಾಡಿದರೋ, ಕೈ ನಡುಗುವುದೂ ಹೆಚ್ಚಾಗಿ ಅವರಿಗೇ.

ಅಮೆರಿಕದಲ್ಲಿ ಅಲರ್ಜಿಯ ಲೊರಾಟಡೀನ್ ಈ ರೂಪದಲ್ಲಿ ಒಪ್ಪಿಗೆ ಪಡೆದದ್ದು 1996ರ ಕೊನೆಗೆ. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ನಡೆದದ್ದು ಷಿಕಾಗೋದ ಮಕ್ಕಳ ತುರ್ತು ಚಿಕಿತ್ಸಾ ವಿಭಾಗದಲ್ಲಿ. ವಾಂತಿಭೇದಿಯಿಂದ ಸೊರಗಿ ಬಂದ 215 ಮಕ್ಕಳಿಗೆ ಕರಗುವ ಒಂಡಾನ್ಸೆಟ್ರಾನನ್ನೋ ಅದರಂತೆಯೇ ಕಾಣುವ ಹುಸಿ ಮಾತ್ರೆಯನ್ನೋ ಕೊಟ್ಟರು. ಆಮೇಲೆ ಓಆರ್‌ಎಸ್ ಕುಡಿಸುವಾಗ ಔಷಧ ಸಿಕ್ಕ ಮಕ್ಕಳಲ್ಲಿ ವಾಂತಿ ಮಾಡಿದವರು ಶೇ 14, ಉಳಿದವರಲ್ಲಿ ಶೇ 35. ಡ್ರಿಪ್ ಹಾಕಬೇಕಾದವರೂ ಅರ್ಧಕ್ಕಿಂತ ಕಡಿಮೆಯಾದರು. ಸ್ಟೀಫನ್ ಫ್ರೀಡ್‌ಮನ್ ಮತ್ತು ಸಂಗಡಿಗರ ಈ ವರದಿ 2006ರಲ್ಲಿ ಪ್ರಕಟವಾಯಿತು. ಸೂಜಿ ಕಂಡು ಚೀರುವ ಮಗುವನ್ನು ಹಿಡಿದು ಕೂತ ತಾಯಂದಿರಿಗೆ ಈ ಅಂಕಿಗಳ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಮನೋರೋಗದ ಓಲಾಂಜಪೀನ್ ಕಥೆ ಅಷ್ಟು ಸರಳವಲ್ಲ. ಮಾತ್ರೆಯನ್ನು ದವಡೆಯಲ್ಲಿ ಅಡಗಿಸಿಟ್ಟು, ನರ್ಸ್ ಆಚೆ ಹೋದ ಮೇಲೆ ಉಗಿಯುವ ರೋಗಿಗಳಿರುತ್ತಾರೆ. ಕರಗುವ ಮಾತ್ರೆಯಲ್ಲಿ ಆ ಆಟ ನಡೆಯದು. ಇದನ್ನೂ ‘ರೋಗಿಗೆ ಒಪ್ಪಿಗೆ’ ಎಂಬ ಪಟ್ಟಿಗೆ ಸೇರಿಸುವುದು ನನಗೆ ಸರಿಕಾಣುವುದಿಲ್ಲ. ಒಪ್ಪಿಗೆಯಾದದ್ದು ವಾರ್ಡಿನವರಿಗೆ.

ಎಷ್ಟು ಬೇಗ ಕರಗಬೇಕೆಂಬುದಕ್ಕೆ 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸುಮಾರು 30 ಸೆಕೆಂಡ್ ಎಂದಿತು, ತೂಕ 500 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದೆಂದಿತು. ಯುರೋಪು 3 ನಿಮಿಷದವರೆಗೆ ಬಿಟ್ಟುಕೊಟ್ಟಿದೆ.

ನಮ್ಮ ಮೆಡಿಕಲ್ ಶಾಪುಗಳಲ್ಲಿ ಹೆಸರಿನ ಕೊನೆಗೆ ‘ಎಂಡಿ’ ಅಂಟಿಸಿಕೊಂಡು ಸಿಗುವುದು ಈ ಬಳಗದ ಮಾತ್ರೆಗಳೇ. ಬಾಯಲ್ಲಿ ಬೇಗ ಕರಗಿದ ಮಾತ್ರಕ್ಕೆ ಬೇಗ ಕೆಲಸ ಮಾಡುತ್ತದೆಂಬ ನಂಬಿಕೆ ಮಾತ್ರ ಬಲವಾಗಿದೆ. ಎದೆನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಅಲ್ಲಿಂದಲೇ ರಕ್ತಕ್ಕೆ ಸೇರುತ್ತದೆ. ವಾಂತಿಯ ಎಂಡಿ ಮಾತ್ರೆ ನಾಲಿಗೆ ಮೇಲೆ ಕರಗಿದರೂ ಜೊಲ್ಲಿನೊಂದಿಗೆ ಹೊಟ್ಟೆಗಿಳಿದು, ಬಹುಪಾಲು ಕರುಳಿನಿಂದಲೇ ಒಳಸೇರಬೇಕು. ಅದಕ್ಕೆ ಬೇಕಾಗುವ ಹೊತ್ತು ಸಾದಾ ಮಾತ್ರೆಯದಷ್ಟೇ.