ಹಲವು ಉಗ್ರಾಣಿಗಳಿಗೆ ಒಂದೇ ಆಜ್ಞೆ

ಇಂದಿನ ವಿದ್ಯಾಸಂಸ್ಥೆಗಳಲ್ಲಿ ಗಣಕಯಂತ್ರವು ಕರಿಹಲಗೆಯಷ್ಟೇ ಸಹಜವಾದ ಉಪಕರಣವಾಗಿ ಪರಿಣಮಿಸಿದೆ. ಆದರೆ ದಾನಿಗಳ ಔದಾರ್ಯದಿಂದಲೂ ಹಳೆಯ ವಿದ್ಯಾರ್ಥಿಗಳ ಅಭಿಮಾನದಿಂದಲೂ ಶಾಲೆಗಳಿಗೆ ಒದಗುವ ಯಂತ್ರಗಳು ಒಂದೇ ಬಗೆಯವಾಗಿರುವುದಿಲ್ಲ. ಒಂದರಲ್ಲಿ ಉಬುಂಟು, ಇನ್ನೊಂದರಲ್ಲಿ ಫೆಡೋರಾ, ಮತ್ತೊಂದರಲ್ಲಿ ಓಪನ್‌ಸೂಸೆ ಇರುವುದುಂಟು. ಇವೆಲ್ಲವೂ ಲಿನಕ್ಸ್ ಎಂಬ ಒಂದೇ ತಿರುಳನ್ನು ಆಶ್ರಯಿಸಿದವುಗಳಾದರೂ, ಹೊಸ ತಂತ್ರಾಂಶವನ್ನು ತರಿಸಿಕೊಳ್ಳುವಾಗ ಪ್ರತಿಯೊಂದರೊಡನೆಯೂ ಬೇರೆ ಬೇರೆ ರೀತಿಯಲ್ಲಿ ಮಾತನಾಡಬೇಕಾಗುತ್ತದೆ. ಈ ಭೇದವನ್ನು ಒಂದೇ ಆಜ್ಞಾಕ್ರಮದಿಂದ ಎಷ್ಟರಮಟ್ಟಿಗೆ ನಿವಾರಿಸಬಹುದೆಂಬುದೇ ಪ್ರಸ್ತುತ ಲೇಖನದ ವಿಚಾರ. ವ್ಯಾಕರಣವನ್ನು ಬೋಧಿಸುವವನಿಗೆ ಇಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಪ್ರಶ್ನೆಯು ಮೂಲತಃ ಭಾಷೆಗೆ ಸಂಬಂಧಿಸಿದ್ದೇ ಆಗಿದೆ.

ತಂತ್ರಾಂಶಗಳನ್ನು ತರಿಸುವ, ತೆಗೆಯುವ, ನವೀಕರಿಸುವ ಕಾರ್ಯಕ್ಕೆ ಪ್ರತಿಯೊಂದು ವ್ಯವಸ್ಥೆಯಲ್ಲಿಯೂ ಒಂದು 'ಪ್ಯಾಕೇಜ್ ಮ್ಯಾನೇಜರ್' ಇರುತ್ತದೆ. ಅದನ್ನು ಉಗ್ರಾಣಿಯೆಂದು ತಿಳಿಯಬಹುದು. ಅಡಿಗೆಗೆ ಅಕ್ಕಿ ಬೇಕೆಂದರೆ ಬೇಳೆ, ಉಪ್ಪು, ಸೌದೆಗಳನ್ನೂ ಲೆಕ್ಕ ಹಾಕಿ ಕೊಡುವ ಜಾಣ ಉಗ್ರಾಣಿಯಂತೆ, ಒಂದು ತಂತ್ರಾಂಶವು ನಡೆಯಲು ಬೇಕಾದ ಇತರ ತಂತ್ರಾಂಶಗಳನ್ನೂ ಇದು ತಾನಾಗಿಯೇ ಒದಗಿಸುತ್ತದೆ. 1993ರಲ್ಲಿ ಆರಂಭವಾದ ಡೆಬಿಯನ್‌ಗೆ 1998ರಲ್ಲಿ 'ಆಪ್ಟ್' ಬಂದಿತು. ಉಬುಂಟುವೂ ಅದನ್ನೇ ಬಳಸುತ್ತದೆ. ಫೆಡೋರಾದಲ್ಲಿ 'ಯಮ್' ಎಂಬುದರ ಸ್ಥಾನವನ್ನು 2015ರಲ್ಲಿ 'ಡಿಎನ್‌ಎಫ್' ಪಡೆಯಿತು. ಓಪನ್‌ಸೂಸೆಯಲ್ಲಿ 'ಜಿಪ್ಪರ್', ಆರ್ಚ್‌ನಲ್ಲಿ 'ಪ್ಯಾಕ್‌ಮನ್', ಆಲ್ಪೈನ್‌ನಲ್ಲಿ 'ಎಪಿಕೆ' ಇವೆ. ಒಂದೊಂದನ್ನು ಒಂದೊಂದು ಬಳಗವು ತನ್ನ ಅಗತ್ಯಕ್ಕೆ ತಕ್ಕಂತೆ ಕಟ್ಟಿಕೊಂಡದ್ದರಿಂದ ಇವುಗಳಿಗೆ ಸಮಾನವಾದ ವ್ಯಾಕರಣವು ಏರ್ಪಡಲಿಲ್ಲ.

ಒಂದು ತಂತ್ರಾಂಶ ಬೇಕಾದಾಗ ಆಪ್ಟ್, ಡಿಎನ್‌ಎಫ್, ಜಿಪ್ಪರ್‌ಗಳಿಗೆ 'ಇನ್‌ಸ್ಟಾಲ್' ಎನ್ನಬೇಕು. ಎಪಿಕೆಗೆ 'ಆ್ಯಡ್' ಎನ್ನಬೇಕು. ಪ್ಯಾಕ್‌ಮನ್‌ಗಾದರೋ ಕ್ರಿಯಾಪದವೇ ಇಲ್ಲ. ಒಂದು ಕಿರುಗೆರೆ, ಅದರ ಮುಂದೆ 'ಎಸ್' ಎಂಬ ದೊಡ್ಡಕ್ಷರ, ಅಷ್ಟೆ. (ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿರುವ ಈ ಆಜ್ಞೆಗಳನ್ನು ಯಂತ್ರಕ್ಕೆ ರೋಮನ್ ಲಿಪಿಯಲ್ಲಿಯೇ ಕೊಡಬೇಕು.) ಇದು ಕೇವಲ ನೆನಪಿನ ಹೊರೆ. ನಿಜವಾದ ಅಪಾಯವಿರುವುದು, ಶಬ್ದವು ಒಂದೇ ಆಗಿ ಅರ್ಥವು ಬೇರೆಯಾದಾಗ. ಕನ್ನಡದಲ್ಲಿ 'ಉಪನ್ಯಾಸ'ವೆಂದರೆ ಭಾಷಣ. ಹಿಂದಿಯಲ್ಲಿ ಅದೇ ಶಬ್ದಕ್ಕೆ ಕಾದಂಬರಿಯೆಂದರ್ಥ. 'ಅಪ್‌ಡೇಟ್' ಎಂಬ ಆಜ್ಞೆಯ ಸ್ಥಿತಿಯೂ ಹೀಗೆಯೇ. ಆಪ್ಟ್‌ಗೆ ಹಾಗೆಂದರೆ ಅದು ಲಭ್ಯವಿರುವ ಸರಕಿನ ಪಟ್ಟಿಯನ್ನು ಮಾತ್ರ ಹೊಸದಾಗಿ ತರಿಸಿಕೊಳ್ಳುತ್ತದೆ. ತಂತ್ರಾಂಶಗಳನ್ನು ಬದಲಿಸಲು 'ಅಪ್‌ಗ್ರೇಡ್' ಎಂದು ಬೇರೆಯಾಗಿ ಹೇಳಬೇಕು. ಡಿಎನ್‌ಎಫ್ ಮತ್ತು ಜಿಪ್ಪರ್‌ಗಳಿಗೆ ಅದನ್ನೇ ಹೇಳಿದರೆ ತಂತ್ರಾಂಶಗಳನ್ನೇ ನವೀಕರಿಸಲು ಅವು ಸಿದ್ಧವಾಗುತ್ತವೆ. ಉಬುಂಟುವಿನಲ್ಲಿ ಪಳಗಿದ ಅಧ್ಯಾಪಕರು ಪ್ರಾಯೋಗಿಕ ಪರೀಕ್ಷೆಯ ಮುಂಜಾನೆ ಫೆಡೋರಾದ ಮುಂದೆ ಕುಳಿತು ಈ ಆಜ್ಞೆಯನ್ನಿತ್ತು, ಅದು ಕೇಳುವ ಪ್ರಶ್ನೆಗೆ ಓದದೆಯೇ 'ಹೌದು' ಎಂದರೆ ಆ ಯಂತ್ರವು ಆ ಹೊತ್ತಿಗೆ ಕೈಗೆ ಸಿಗದೆ ಹೋಗಬಹುದು. ಇದರ ವಿಪರ್ಯಾಸವು ಇನ್ನೂ ಕೆಟ್ಟದ್ದು. ಫೆಡೋರಾದ ಅಭ್ಯಾಸವುಳ್ಳವರು ಉಬುಂಟುವಿನಲ್ಲಿ 'ಅಪ್‌ಡೇಟ್' ಎಂದಷ್ಟೇ ಬರೆದು, ಭದ್ರತೆಯ ದೋಷಗಳೆಲ್ಲ ಸರಿಹೋದವೆಂದು ನಂಬಿ ಎದ್ದುಬಿಡುತ್ತಾರೆ. ಸರಿಹೋದದ್ದು ಪಟ್ಟಿ ಮಾತ್ರ.

ಈ ತೊಡಕಿಗೆ ಪರಿಹಾರವಾಗಿ ದುಭಾಷಿಗಳಂತಹ ತಂತ್ರಾಂಶಗಳು ಹುಟ್ಟಿಕೊಂಡಿವೆ. 2007ರಲ್ಲಿ ರಿಚರ್ಡ್ ಹ್ಯೂಸ್ ಅವರು ಆರಂಭಿಸಿದ 'ಪ್ಯಾಕೇಜ್‌ಕಿಟ್' ಇವುಗಳಲ್ಲಿ ಗಣ್ಯವಾದುದು. ಅದರ 'ಪಿಕೆಕಾನ್' ಎಂಬ ಆಜ್ಞೆಯನ್ನು ಬಳಸಿದರೆ, ಹಿಂದಿರುವ ಉಗ್ರಾಣಿಯು ಆಪ್ಟ್ ಆಗಲಿ ಡಿಎನ್‌ಎಫ್ ಆಗಲಿ, ಪಟ್ಟಿಗೆ 'ರಿಫ್ರೆಶ್' ಎಂದೂ ತಂತ್ರಾಂಶಗಳ ನವೀಕರಣಕ್ಕೆ 'ಅಪ್‌ಡೇಟ್' ಎಂದೂ ಒಂದೇ ಅರ್ಥವು ನಿಲ್ಲುತ್ತದೆ. 'ಪ್ಯಾಕಾಪ್ಟ್' ಎಂಬ ಇನ್ನೊಂದು ಪುಟ್ಟ ಸಾಧನವು ಪ್ಯಾಕ್‌ಮನ್ನಿನ ಅಕ್ಷರ ಸಂಕೇತಗಳನ್ನೇ ಎಲ್ಲ ಕಡೆಗೂ ಒಯ್ದು, ಆಯಾ ಉಗ್ರಾಣಿಯ ನುಡಿಗೆ ಅನುವಾದಿಸುತ್ತದೆ. ಮಕ್ಕಳಿಗೆ ಬೋಧಿಸಲು ಸಂಕೇತಗಳಿಗಿಂತ ಅರ್ಥವುಳ್ಳ ಪದಗಳೇ ಮೇಲೆಂಬುದು ನನ್ನ ಅಭಿಮತ. ಆದುದರಿಂದ ಮೊದಲನೆಯದಕ್ಕೇ ನನ್ನ ಒಲವು.

ಆದರೆ ದುಭಾಷಿಯು ಕ್ರಿಯಾಪದಗಳನ್ನು ಏಕರೂಪಗೊಳಿಸಬಲ್ಲನೇ ಹೊರತು ನಾಮಪದಗಳನ್ನಲ್ಲ. 'ಲೋಹಿತ್' ಎಂಬ ಕನ್ನಡ ಅಕ್ಷರರೂಪವನ್ನೇ ತೆಗೆದುಕೊಳ್ಳೋಣ. ಡೆಬಿಯನ್ ಉಗ್ರಾಣದಲ್ಲಿ ಅದರ ಹೆಸರು 'ಫಾಂಟ್ಸ್-ಲೋಹಿತ್-ಕೆಎನ್‌ಡಿಎ', ಫೆಡೋರಾದಲ್ಲಿ 'ಲೋಹಿತ್-ಕನ್ನಡ-ಫಾಂಟ್ಸ್'. ಅಪಾಚೆ ಎಂಬ ಪ್ರಸಿದ್ಧ ತಂತ್ರಾಂಶವು ಡೆಬಿಯನ್‌ನಲ್ಲಿ 'ಅಪಾಚೆ2', ಫೆಡೋರಾದಲ್ಲಿ 'ಎಚ್‌ಟಿಟಿಪಿಡಿ'. ಒಂದೇ ಆಜ್ಞೆಯನ್ನು ಎರಡೂ ಕಡೆ ಕೊಟ್ಟರೆ ಒಂದು ಕಡೆ ವಸ್ತುವೇ ಇಲ್ಲವೆಂಬ ಉತ್ತರ ಬರುವುದು. ಆದಕಾರಣ ಮೊದಲು ಹುಡುಕಿ, ಹೆಸರನ್ನು ಖಚಿತಪಡಿಸಿಕೊಂಡು, ಬಳಿಕ ತರಿಸಬೇಕು.

ಪ್ರಯೋಗಾಲಯದ ಪ್ರತಿಯೊಂದು ಯಂತ್ರದ ಬಳಿ ಒಂದು ರಟ್ಟಿನ ಮೇಲೆ ಆ ವ್ಯವಸ್ಥೆಯ ಹೆಸರು, ಅದರ ಉಗ್ರಾಣಿಯ ಹೆಸರು, ಅಲ್ಲಿ 'ಅಪ್‌ಡೇಟ್' ಎಂಬುದರ ಅರ್ಥ, ಕನ್ನಡ ಅಕ್ಷರರೂಪದ ಸ್ಥಳೀಯ ನಾಮ ಇವಿಷ್ಟನ್ನು ಬರೆದಿಡುವುದು ಯುಕ್ತ. ಅಧ್ಯಾಪಕರು ವರ್ಗವಾಗಿ ಹೋದಾಗ, ಹೊಸದಾಗಿ ಬಂದವರಿಗೆ ಯಂತ್ರದೊಡನೆ ಆ ರಟ್ಟನ್ನೂ ಒಪ್ಪಿಸತಕ್ಕದ್ದು.