ಮನೆಯ ಎರಡನೇ ಕಾರು ಕಿರುಗುಟ್ಟಿದಾಗ

ನಿಮ್ಮ ಮನೆಯಲ್ಲಿ ಎರಡು ಕಾರುಗಳಿದ್ದರೆ, ಹಳೆಯದನ್ನು ಹೆಚ್ಚಾಗಿ ಓಡಿಸುವವರು ಯಾರು? ಫ್ರೀಮಾಂಟ್, ಸನ್ನಿವೇಲ್, ಡಬ್ಲಿನ್, ಸ್ಯಾನ್ ರಮೋನ್ ಕಡೆಯ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಒಂದೇ. ಹೊಸ ಕಾರು ಆಫೀಸಿಗೆ ಹೋಗುತ್ತದೆ. ಹನ್ನೆರಡು ವರ್ಷದ ಕ್ಯಾಮ್ರಿಯೋ ಅಕಾರ್ಡೋ ಮನೆಯಲ್ಲಿ ಉಳಿಯುತ್ತದೆ. ಮಕ್ಕಳನ್ನು ಶಾಲೆಗೆ ಬಿಡಲು, ತರಕಾರಿ ತರಲು, ಭಾನುವಾರದ ಕನ್ನಡ ತರಗತಿಗೆ, ಊರಿಂದ ಬಂದ ಅಪ್ಪ ಅಮ್ಮನನ್ನು ಲಿವರ್‌ಮೋರ್ ದೇವಸ್ಥಾನಕ್ಕೆ ಕರೆದೊಯ್ಯಲು ಅದೇ ಕಾರು. ಮಗಳಿಗೆ ಹದಿನೈದೂವರೆ ತುಂಬಿ ಪರ್ಮಿಟ್ ಕೈಗೆ ಬಂದ ದಿನ ಕಲಿಯಲು ಸಿಗುವುದೂ ಅದೇ. ಮನೆಯಲ್ಲಿ ಎಲ್ಲಕ್ಕಿಂತ ಹಳೆಯ ಬ್ರೇಕು, ಎಲ್ಲರಿಗಿಂತ ಹೊಸ ಡ್ರೈವರ್ ಕಾಲಡಿಗೆ ಬರುತ್ತದೆ.

ಆ ಬ್ರೇಕನ್ನು ನಿಮ್ಮ ಬದಲು ಬೇರೆ ಯಾರಾದರೂ ಪರೀಕ್ಷಿಸುತ್ತಾರೆಯೇ? ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹಳೆಯ ಪೆಟ್ರೋಲ್ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಸ್ಮಾಗ್ ಚೆಕ್ ಕಡ್ಡಾಯ. ಅದು ನೋಡುವುದು ಹೊಗೆಯನ್ನು ಮಾತ್ರ. ಅಮೆರಿಕದ ಕೆಲವು ರಾಜ್ಯಗಳಲ್ಲಿ ವರ್ಷವರ್ಷ ಕಾರಿನ ಸುರಕ್ಷತೆಯ ತಪಾಸಣೆ ಇದೆ. ನಮ್ಮಲ್ಲಿ ಸಾಮಾನ್ಯ ಕಾರುಗಳಿಗೆ ಅಂಥದ್ದಿಲ್ಲ. ಸ್ಮಾಗ್ ಪಾಸಾದ ಕಾರಿನ ಬ್ರೇಕ್ ಸವೆದು ತಗಡಾಗಿರಬಹುದು. ಹಾಗಾಗಿ ತಪಾಸಣೆಯ ಕೆಲಸ ನಿಮ್ಮ ಕಿವಿ, ಕಾಲು ಮತ್ತು ಮೂಗಿಗೆ ಬಿದ್ದಿದೆ.

ಮೊದಲು ಕಿವಿ. ನೀವು ಪೆಡಲ್ ಒತ್ತಿದಾಗ ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಯನ್ನು (ರೋಟರ್ ಎನ್ನುತ್ತಾರೆ, ಊರಲ್ಲಿ ಡಿಸ್ಕ್) ಎರಡು ಪ್ಯಾಡುಗಳು ಅಕ್ಕಪಕ್ಕದಿಂದ ಹಿಡಿಯುತ್ತವೆ. ಹೊಸ ಪ್ಯಾಡಿನ ದಪ್ಪ ಸುಮಾರು 10ರಿಂದ 12 ಮಿಲಿಮೀಟರ್. ಸವೆಯುತ್ತ 3 ಮಿಲಿಮೀಟರಿಗೆ ಬಂತೆಂದರೆ ಬದಲಿಸುವ ಕಾಲ. ಅದು ನಿಮಗೆ ಗೊತ್ತಾಗಲಿ ಎಂದೇ ಎಷ್ಟೋ ಪ್ಯಾಡುಗಳಲ್ಲಿ ಒಂದು ಪುಟ್ಟ ಲೋಹದ ನಾಲಿಗೆಯನ್ನು ಇಟ್ಟಿರುತ್ತಾರೆ. ಪ್ಯಾಡ್ ತೆಳುವಾದಾಗ ಅದು ರೋಟರಿಗೆ ತಾಗಿ ಕೀಚ್ ಎಂದು ಸಣ್ಣ ದನಿಯಲ್ಲಿ ಕಿರುಚುತ್ತದೆ. ಕಿವಿಗೆ ಹಿಂಸೆಯಾಗಲಿ ಎಂದೇ ಮಾಡಿದ ಶಬ್ದ ಅದು. ಕಾರು ಕೆಟ್ಟಿಲ್ಲ, ಇನ್ನು ಸ್ವಲ್ಪ ದಿನ ಇದೆ, ಗ್ಯಾರೇಜಿಗೆ ಹೋಗಿ ಎಂದು ಅದರ ಅರ್ಥ.

ತೊಂದರೆ ಏನೆಂದರೆ, ಈ ಶಬ್ದ ಕೇಳಿಸಿಕೊಳ್ಳುವವರು ಒಬ್ಬರು, ಕಾರನ್ನು ರಿಪೇರಿಗೆ ಒಯ್ಯುವವರು ಇನ್ನೊಬ್ಬರು. "ರೀ, ಕಾರು ಯಾಕೋ ಕೀಚ್ ಅನ್ನುತ್ತೆ" ಎಂದು ಅಡುಗೆಮನೆಯಿಂದ ಬಂದ ಮಾತಿಗೆ "ಶನಿವಾರ ನೋಡೋಣ" ಎಂಬ ಉತ್ತರ ಹೋಗುತ್ತದೆ. ಶನಿವಾರ ಮಗನ ಸಾಕರ್ ಪಂದ್ಯ, ಮರುವಾರ ಯಾರದೋ ಮನೆಯ ಸತ್ಯನಾರಾಯಣ ಪೂಜೆ. ಮಕ್ಕಳಂತೂ ಹಾಡು ಜೋರಾಗಿ ಹಾಕಿಕೊಂಡು ಓಡಿಸುತ್ತಾರೆ, ಅವರಿಗೆ ಏನೂ ಕೇಳಿಸುವುದಿಲ್ಲ. ತಿಂಗಳಿಗೊಮ್ಮೆಯಾದರೂ ಆ ಕಾರನ್ನು ನೀವೇ ಓಡಿಸಿ. ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಕಾಂಪೌಂಡ್ ಗೋಡೆಯ ಪಕ್ಕದಲ್ಲಿ ನಿಧಾನಕ್ಕೆ ಹೋಗುತ್ತ ಎರಡು ಮೂರು ಸಲ ಬ್ರೇಕ್ ಹಾಕಿ. ಶಬ್ದ ಗೋಡೆಗೆ ಬಡಿದು ನಿಮ್ಮ ಕಿವಿಗೇ ವಾಪಸು ಬರುತ್ತದೆ.

ಆ ಕೀಚಲು ದನಿ ಒಂದು ದಿನ ಗರಗರ ಎಂಬ ಒರಟು ಸದ್ದಾಗಿ ಬದಲಾದರೆ ಪ್ಯಾಡ್ ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ತೇಯುತ್ತಿದೆ ಎಂದು ತಿಳಿಯಿರಿ. ಆಗ ಶನಿವಾರದವರೆಗೆ ಕಾಯುವ ಮಾತಿಲ್ಲ. ಬರೀ ಪ್ಯಾಡಿನಲ್ಲಿ ಮುಗಿಯಬಹುದಾಗಿದ್ದ ಖರ್ಚು ರೋಟರಿಗೂ ಹಬ್ಬಿರುತ್ತದೆ. ಅದಕ್ಕಿಂತ ಮುಖ್ಯವಾಗಿ ಕಾರು ನಿಲ್ಲಲು ಬೇಕಾದ ದೂರ ಹೆಚ್ಚಾಗಿರುತ್ತದೆ.

ಎಲ್ಲ ಸದ್ದಿಗೂ ಗಾಬರಿಯಾಗಬೇಕಿಲ್ಲ. ಪೆಸಿಫಿಕಾ, ಡೇಲಿ ಸಿಟಿ ಕಡೆ ಮಂಜಿನಲ್ಲಿ ರಾತ್ರಿಯಿಡೀ ನಿಂತ ಕಾರು ಬೆಳಗ್ಗೆ ಮೊದಲ ಒಂದೆರಡು ಬ್ರೇಕಿಗೆ ಕೆರೆದಂತೆ ಸದ್ದು ಮಾಡುವುದು ಸಹಜ. ರೋಟರಿನ ಮೇಲೆ ತೆಳುವಾಗಿ ಹಿಡಿದ ತುಕ್ಕು ಅದು, ಬೀದಿಯ ತಿರುವು ದಾಟುವಷ್ಟರಲ್ಲಿ ಹೋಗುತ್ತದೆ. ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಪಾದದ ಕೆಳಗೆ ದಡದಡ ಅದುರಿದರೆ ಅದು ಎಬಿಎಸ್ ಕೆಲಸ ಮಾಡುತ್ತಿರುವ ಲಕ್ಷಣ. ಹೊಸದಾಗಿ ಕಲಿಯುವವರು ಆ ಅದುರಿಗೆ ಹೆದರಿ ಕಾಲು ತೆಗೆದುಬಿಡುತ್ತಾರೆ. ತೆಗೆಯಬಾರದು, ಒತ್ತಿ ಹಿಡಿದೇ ಇರಬೇಕು ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಒಮ್ಮೆ ಮಾಡಿಸಿ ತೋರಿಸಿದರೆ ಇನ್ನೂ ಒಳ್ಳೆಯದು.

ಇನ್ನು ಕಾಲಿಗೆ ಗೊತ್ತಾಗುವ ಸಂಗತಿಗಳು. ಮಾಮೂಲಿಯಾಗಿ ಬ್ರೇಕ್ ಹಾಕಿದಾಗಲೂ ಪೆಡಲ್ ಮಿಡಿಯುತ್ತ ಸ್ಟೀರಿಂಗ್ ನಡುಗಿದರೆ ರೋಟರಿನ ಮೈ ಸಮವಾಗಿಲ್ಲ. ಕಾರು ಒಂದೇ ಪಕ್ಕಕ್ಕೆ ಎಳೆದರೆ ಪ್ಯಾಡನ್ನು ಒತ್ತುವ ಕ್ಯಾಲಿಪರ್ ಒಂದು ಕಡೆ ಸಿಕ್ಕಿಕೊಂಡಿರಬಹುದು. ಇವೆರಡಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಪೆಡಲ್ ಮೆತ್ತಗಾದಾಗ. ಒತ್ತಿದರೆ ಸ್ಪಂಜಿನಂತೆ ಒಳಹೋಗುತ್ತದೆ, ಅಥವಾ ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದಿರುವಾಗಲೇ ನಿಧಾನವಾಗಿ ನೆಲಕ್ಕಿಳಿಯುತ್ತದೆ ಎಂದಾದರೆ ಬ್ರೇಕ್ ಆಯಿಲ್ ಎಲ್ಲೋ ಸೋರುತ್ತಿದೆ, ಕೊಳವೆಯೊಳಗೆ ಗಾಳಿ ಸೇರಿದೆ, ಇಲ್ಲವೇ ಪೆಡಲಿನ ಒತ್ತಡವನ್ನು ಚಕ್ರಗಳಿಗೆ ದಾಟಿಸುವ ಮಾಸ್ಟರ್ ಸಿಲಿಂಡರ್ ಸೋತಿದೆ. ಆ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಟೋ ಮಾಡಿಸಿ. ತದ್ವಿರುದ್ಧವಾಗಿ ಪೆಡಲ್ ಕಲ್ಲಿನಂತೆ ಗಟ್ಟಿಯಾದರೆ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುವ ಬೂಸ್ಟರ್ ಕೈಕೊಟ್ಟಿದೆ. ಬ್ರೇಕ್ ಇನ್ನೂ ಇದೆ, ಆದರೆ ಇಡೀ ಮೈಯ ಭಾರ ಹಾಕಿ ಒತ್ತಬೇಕು. ಇದಕ್ಕೂ ಟೋ ಗಾಡಿಯೇ ಸರಿ.

ಮಗಳು ಲೈಸೆನ್ಸ್ ಪರೀಕ್ಷೆಗೆ ಹೋದಾಗ ಡಿಎಂವಿ ಪರೀಕ್ಷಕರು ಕಾರು ಹೊರಡುವ ಮೊದಲೇ ಬ್ರೇಕ್ ನೋಡುತ್ತಾರೆ. ಪೂರ್ತಿ ಒತ್ತಿದಾಗ ಪೆಡಲಿಗೂ ನೆಲಕ್ಕೂ ಕನಿಷ್ಠ ಒಂದು ಇಂಚು ಅಂತರ ಉಳಿಯಬೇಕು. ಇಲ್ಲದಿದ್ದರೆ ಪರೀಕ್ಷೆಯೇ ಇಲ್ಲ. ಆ ದಿನಕ್ಕೆ ಕಾಯದೆ ಈ ಒಂದು ಇಂಚಿನ ಪರೀಕ್ಷೆಯನ್ನು ನೀವು ಇವತ್ತೇ ಗ್ಯಾರೇಜಿನಲ್ಲಿ ಕುಳಿತು ಮಾಡಬಹುದು.

ಡ್ಯಾಶ್‌ಬೋರ್ಡಿನ ದೀಪಗಳಲ್ಲಿ ಹಳದಿಯ ಎಬಿಎಸ್ ದೀಪ ಬಂದರೆ ಮಾಮೂಲಿ ಬ್ರೇಕ್ ಇರುತ್ತದೆ, ಚಕ್ರ ಜಾರದಂತೆ ತಡೆಯುವ ಸಹಾಯ ಇರುವುದಿಲ್ಲ, ಬೇಗ ತೋರಿಸಿ. ಕೆಂಪು ದೀಪ ಬಂದರೆ ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಬಿಟ್ಟಿದ್ದೀರಾ ನೋಡಿ. ಬಿಟ್ಟ ಮೇಲೂ ಆರದಿದ್ದರೆ ಬಹುಶಃ ಬ್ರೇಕ್ ಆಯಿಲ್ ಇಳಿದಿದೆ. ಇಲ್ಲಿ ಅನೇಕರು ಅಂಗಡಿಯಿಂದ ಬಾಟಲಿ ತಂದು ತುಂಬಿಸಿ, ದೀಪ ಆರಿತು ಎಂದು ನಿಶ್ಚಿಂತರಾಗುತ್ತಾರೆ. ಆಯಿಲ್ ತಾನಾಗಿ ಖರ್ಚಾಗುವ ವಸ್ತುವಲ್ಲ. ಮಟ್ಟ ಇಳಿದಿದೆ ಎಂದರೆ ಒಂದೋ ಸೋರುತ್ತಿದೆ, ಇಲ್ಲವೇ ಪ್ಯಾಡುಗಳು ಸವೆದಿವೆ.

ಮೂಗಿನ ಮಾತಿಗೆ ಬಂದರೆ ನಮ್ಮ ಬೆಟ್ಟಗಳನ್ನು ನೆನೆಯಬೇಕು. ಆಗುಂಬೆ, ಚಾರ್ಮಾಡಿ, ಶಿರಾಡಿಯಲ್ಲಿ ಬಸ್ಸಿನಲ್ಲಿ ಇಳಿದವರಿಗೆ ಸುಟ್ಟ ಲೈನರ್ ವಾಸನೆ ಗೊತ್ತು. ಏರುವ ಗೇರಿನಲ್ಲೇ ಇಳಿಯಬೇಕು ಎಂಬ ಅಲ್ಲಿನ ಡ್ರೈವರುಗಳ ಮಾತೂ ಗೊತ್ತು. ಇಲ್ಲಿಗೆ ಬಂದು ಆಟೋಮ್ಯಾಟಿಕ್ ಗಾಡಿ ಹಿಡಿದ ಮೇಲೆ ನಾವು ಅದನ್ನು ಮರೆತೆವು. ಆದರೆ ಬೇ ಏರಿಯಾದಲ್ಲಿ ಘಾಟಿಗಳಿಗೆ ಕೊರತೆಯಿಲ್ಲ. ಲಾಸ್ ಗೇಟೋಸ್‌ನಿಂದ ಸಾಂತಾ ಕ್ರೂಜ್‌ಗೆ ಹೋಗುವ ಹೈವೇ 17 ಸುಮಾರು 1,800 ಅಡಿ ಎತ್ತರದವರೆಗೆ ಏರಿ ಇಳಿಯುತ್ತದೆ. 2014ರ ಜುಲೈನಲ್ಲಿ ಆ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಟ್ರಕ್ಕೊಂದು ಸಾಲು ಕಾರುಗಳಿಗೆ ಗುದ್ದಿ ಒಬ್ಬ ಯುವಕ ಪ್ರಾಣ ಬಿಟ್ಟ. ಸ್ಯಾನ್ ಹೋಸೆಯಿಂದ ಲಿಕ್ ವೀಕ್ಷಣಾಲಯಕ್ಕೆ ಹೋಗುವ ಮೌಂಟ್ ಹ್ಯಾಮಿಲ್ಟನ್ ರಸ್ತೆ 4,200 ಅಡಿಯವರೆಗೂ ಏರುತ್ತದೆ. 1870ರ ದಶಕದಲ್ಲಿ ಕುದುರೆಗಾಡಿಗಳಿಗಾಗಿ ಮಾಡಿದ ರಸ್ತೆಯಾದ್ದರಿಂದ ಏರು ಕಡಿದಲ್ಲ, ಆದರೆ ತಿರುವುಗಳಿಗೆ ಲೆಕ್ಕವಿಲ್ಲ. ಬೇಸಿಗೆಯಲ್ಲಿ ಊರಿಂದ ಬಂದವರಿಗೆಲ್ಲ ನಾವು ತೋರಿಸುವ ಜಾಗ ಅದು. ಹಳೆಯ ಮಿನಿವ್ಯಾನಿನಲ್ಲಿ ಏಳು ಜನ ಕುಳಿತು, ಬ್ರೇಕ್ ಮೇಲೆ ಸದಾ ಕಾಲಿಟ್ಟು ಇಳಿದರೆ ಏನಾಗುತ್ತದೆ?

ಪ್ಯಾಡು, ರೋಟರು ಕಾಯುತ್ತವೆ. ಆ ಕಾವು ಬ್ರೇಕ್ ಆಯಿಲಿಗೂ ತಗಲುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಡಾಟ್ 3 ಎಂಬ ಸಾಮಾನ್ಯ ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಹೀರಿದ ಮೇಲೆ ಆ ಮಿತಿ 140 ಡಿಗ್ರಿಯ ತನಕ ಇಳಿಯಬಹುದು. ಆಯಿಲ್ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ. ಆವಿಯನ್ನು ಅದುಮಬಹುದು, ಆದ್ದರಿಂದ ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಡ್ ಹೊಸದಾಗಿದ್ದರೂ ಇದು ಆಗಬಹುದು. ಅದಕ್ಕೇ ಕಾರಿನ ಕೈಪಿಡಿಯಲ್ಲಿ ಬ್ರೇಕ್ ಆಯಿಲ್ ಬದಲಿಸಲು ಕೊಟ್ಟಿರುವ ಅವಧಿಯನ್ನು ಒಮ್ಮೆ ತೆಗೆದು ನೋಡಿ. ನಮ್ಮಲ್ಲಿ ಎಂಜಿನ್ ಆಯಿಲಿಗೆ ಸಿಗುವ ಗಮನ ಇದಕ್ಕೆ ಸಿಗುವುದಿಲ್ಲ.

ಇಳಿಯುವಾಗ ಗೇರನ್ನು ಎಲ್‌ಗೋ ಎರಡಕ್ಕೋ ಹಾಕಿ, ಪ್ರಿಯಸ್ ಆದರೆ ಬಿ. ವೇಗ ಹೆಚ್ಚಿದಾಗ ಮಾತ್ರ ಗಟ್ಟಿಯಾಗಿ ಒತ್ತಿ ತಗ್ಗಿಸಿ, ಕಾಲು ತೆಗೆದುಬಿಡಿ. ವಾಸನೆ ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಅರ್ಧ ಗಂಟೆ ಆರಲು ಬಿಡಿ. ಚಕ್ರದ ಬಳಿ ಕೈ ಒಡ್ಡಬೇಡಿ, ನೀರು ಎರಚಬೇಡಿ. ಸಮತಟ್ಟು ರಸ್ತೆಯಲ್ಲೂ ಒಂದೇ ಚಕ್ರದಿಂದ ಸುಟ್ಟ ವಾಸನೆ ಬಂದರೆ ಬ್ರೇಕ್ ಬಿಡದೆ ಹಿಡಿದುಕೊಂಡಿದೆ ಎಂದರ್ಥ.

ಎಲೆಕ್ಟ್ರಿಕ್ ಕಾರಿನವರು ಇದೆಲ್ಲ ತಮಗಲ್ಲ ಎಂದುಕೊಳ್ಳಬಾರದು. ಆಕ್ಸಲರೇಟರಿನಿಂದ ಕಾಲು ತೆಗೆದೊಡನೆ ಮೋಟಾರೇ ಕಾರನ್ನು ತಡೆದು ಬ್ಯಾಟರಿ ತುಂಬಿಸುತ್ತದೆ, ನಿಜ. ಅದರಿಂದ ಪ್ಯಾಡ್ ಬಹಳ ವರ್ಷ ಬರುತ್ತದೆ, ಅದೂ ನಿಜ. ಆದರೆ ಬ್ಯಾಟರಿ ತುಂಬಿದ್ದರೆ ಆ ತಡೆ ಕಡಿಮೆಯಾಗುತ್ತದೆ. ಗುಡ್ಡದ ಮೇಲಿನ ಮನೆಯಲ್ಲಿ ರಾತ್ರಿ ನೂರಕ್ಕೆ ನೂರು ಚಾರ್ಜ್ ಮಾಡಿ ಬೆಳಗ್ಗೆ ಇಳಿಜಾರಿಗೆ ಬಿದ್ದಿರೆಂದರೆ ಕಾರು ಎಂದಿನಂತೆ ನಿಧಾನವಾಗುವುದಿಲ್ಲ. ಅಪರೂಪಕ್ಕೆ ಬಳಸುವ ಬ್ರೇಕಿನ ರೋಟರಿಗೆ ತುಕ್ಕು, ಕ್ಯಾಲಿಪರಿಗೆ ಜಡ್ಡು. ಆಗಾಗ ಬ್ರೇಕನ್ನು ಗಟ್ಟಿಯಾಗಿ ಬಳಸಿ, ಟೈರ್ ಬದಲಿಸುವಾಗ ಪರೀಕ್ಷಿಸಲು ಹೇಳಿ. ಕೆಲವು ದೋಷಗಳು ಸವೆತದಿಂದ ಬರುವುದೂ ಅಲ್ಲ: 2010ರಲ್ಲಿ ಟೊಯೊಟಾ ಆ ವರ್ಷದ ಪ್ರಿಯಸ್ ಕಾರುಗಳನ್ನು ಹಿಂದಕ್ಕೆ ಕರೆದದ್ದು ಎಬಿಎಸ್ ಸಾಫ್ಟ್‌ವೇರಿಗಾಗಿ. ನಿಮ್ಮ ಕಾರಿನ 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆಯನ್ನು ಕೇಂದ್ರದ ಹೆದ್ದಾರಿ ಸುರಕ್ಷತಾ ಇಲಾಖೆಯಾದ ನಿಟ್ಸಾದ ತಾಣದಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್ ಗೊತ್ತಾಗುತ್ತದೆ. ಹಳೆಯ ಕಾರು ಕೊಳ್ಳುವ ಮೊದಲೂ ಇದನ್ನು ಮಾಡಿ.

ಗ್ಯಾರೇಜಿಗೆ ಹೋದಾಗ ನಮ್ಮವರು ಎರಡು ಬಗೆ. ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಬಿಲ್ ಕಟ್ಟುವವರು ಕೆಲವರು, ಎಲ್ಲ ಮೋಸ ಎಂದು ರಿಪೇರಿಯನ್ನೇ ಮುಂದೂಡುವವರು ಕೆಲವರು. ಎರಡನೆಯವರ ಬಗ್ಗೆ ನನಗೆ ಹೆಚ್ಚು ಭಯ. ಇಲ್ಲಿನ ಕಾನೂನು ನಿಮ್ಮ ಪರವಾಗಿದೆ. ಕೆಲಸ ಶುರು ಮಾಡುವ ಮೊದಲು ಬರಹದಲ್ಲಿ ಅಂದಾಜು ಕೊಡಬೇಕು, ನಿಮ್ಮ ಒಪ್ಪಿಗೆ ಇಲ್ಲದೆ ಅದಕ್ಕಿಂತ ಹೆಚ್ಚು ವಸೂಲು ಮಾಡುವಂತಿಲ್ಲ. ಬಿಚ್ಚಿದ ಹಳೆಯ ಭಾಗಗಳು ಬೇಕೆಂದು ಮೊದಲೇ ಹೇಳಿದರೆ ವಾಪಸು ಕೊಡಬೇಕು. ಕಂಪನಿಗೆ ಮರಳಿಸಬೇಕಾದ ಭಾಗವಾದರೆ ಕಣ್ಣಿಗಾದರೂ ತೋರಿಸಬೇಕು. ತಕರಾರಿದ್ದರೆ ರಾಜ್ಯದ ಬ್ಯೂರೋ ಆಫ್ ಆಟೋಮೋಟಿವ್ ರಿಪೇರ್‌ಗೆ ದೂರು ಕೊಡಬಹುದು. "ಬ್ರೇಕ್ ಹೋಗಿದೆ" ಎಂದರೆ "ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ, ಯಾವ ಚಕ್ರದ್ದು?" ಎಂದು ಕೇಳಿ. 7 ಎಂದರೆ ಮನೆಗೆ ಬನ್ನಿ, 2 ಎಂದರೆ ಅಲ್ಲೇ ಹಾಕಿಸಿ.

ಹೊಸ ಪ್ಯಾಡಿನ ಡಬ್ಬದ ಮೇಲೆ ಮೂರು ಎಲೆಗಳ ಚಿಹ್ನೆ ಕಂಡರೆ ಅದಕ್ಕೊಂದು ಸ್ಥಳೀಯ ಕಥೆಯಿದೆ. ಪ್ಯಾಡ್ ಸವೆದ ಪುಡಿಯಲ್ಲಿದ್ದ ತಾಮ್ರ ಮಳೆನೀರಿನ ಜೊತೆ ಕೊಲ್ಲಿಗೆ ಸೇರಿ ಜಲಚರಗಳಿಗೆ ವಿಷವಾಗುತ್ತಿತ್ತು. 2010ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ತಂದು, 2025ರಿಂದ ಪ್ಯಾಡಿನಲ್ಲಿ ಅರ್ಧ ಪ್ರತಿಶತಕ್ಕಿಂತ ಹೆಚ್ಚು ತಾಮ್ರ ಇರಬಾರದೆಂದಿತು. ಮೂರೂ ಎಲೆ ತುಂಬಿದ್ದರೆ ಆ ದರ್ಜೆಯ ಪ್ಯಾಡ್ ಎಂದರ್ಥ.

ಕೊನೆಗೆ ಮಕ್ಕಳ ವಿಷಯ. ಹದಿನೆಂಟರ ಒಳಗಿನವರು ಲೈಸೆನ್ಸಿಗೆ ಮುಂಚೆ 50 ಗಂಟೆ ಅಭ್ಯಾಸ ಮಾಡಲೇಬೇಕು, ಅದರಲ್ಲಿ 10 ರಾತ್ರಿಯವು. ಅದರಲ್ಲಿ ಒಂದು ಗಂಟೆಯನ್ನು ಬ್ರೇಕಿಗೆಂದೇ ಇಡಿ. ಪೆಡಲ್ ಒತ್ತಿದಾಗ ಕಾರು ನಿಲ್ಲದಿದ್ದರೆ ಏನು ಮಾಡಬೇಕೆಂದು ಬಾಯಿಪಾಠ ಆಗುವವರೆಗೆ ಹೇಳಿಸಿ: ಆಕ್ಸಲರೇಟರಿನಿಂದ ಕಾಲು ತೆಗೆ, ಪೆಡಲನ್ನು ಬೇಗ ಬೇಗ ಒತ್ತಿ ಬಿಡು, ಗೇರ್ ತಗ್ಗಿಸು, ಹ್ಯಾಂಡ್‌ಬ್ರೇಕನ್ನು ಒಮ್ಮೆಲೇ ಎಳೆಯದೆ ನಿಧಾನಕ್ಕೆ ಎಳೆ, ಹಜಾರ್ಡ್ ದೀಪ ಹಾಕು, ಎಂಜಿನ್ ಆರಿಸಬೇಡ. ಎಂಜಿನ್ ಆರಿದರೆ ಸ್ಟೀರಿಂಗ್ ಭಾರವಾಗುತ್ತದೆ. ಹೊಸ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಬದಲು ಒಂದು ಗುಂಡಿ ಇರುತ್ತದೆ. ಓಡುವ ಕಾರಿನಲ್ಲಿ ಸಾಮಾನ್ಯವಾಗಿ ಅದನ್ನು ಬಿಡದೆ ಹಿಡಿದಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನಿಮ್ಮ ಕಾರಿನಲ್ಲಿ ಅದು ಎಲ್ಲಿದೆ, ಎಳೆಯಬೇಕೋ ಒತ್ತಬೇಕೋ, ಕೈಪಿಡಿ ನೋಡಿ ಮೊದಲು ನೀವು ತಿಳಿದುಕೊಳ್ಳಿ. ಆಮೇಲೆ ಕೀಲಿಯನ್ನು ಮಗಳ ಕೈಗೆ ಕೊಟ್ಟು, ಕತ್ತಲಲ್ಲಿ ಕಣ್ಣು ಮುಚ್ಚಿ ಮುಟ್ಟಿ ತೋರಿಸಲು ಹೇಳಿ.