ಬೂದಿಯಲ್ಲಿ ಉಳಿಯುವ ವಿಷ

ಕಳೆದ ಡಿಸೆಂಬರ್‌ನಲ್ಲಿ ಪುಣೆಯ ನಮ್ಮ ಸೊಸೈಟಿಯ ತೋಟದಲ್ಲಿದ್ದ ಹಳೆಯ ಮರದ ಚಪ್ಪರ, ಬೆಂಚುಗಳನ್ನು ಕಿತ್ತು ಗೇಟಿನ ಪಕ್ಕ ರಾಶಿ ಹಾಕಿದ್ದರು. ಒಂದು ರಾತ್ರಿ ಆಫೀಸಿನಿಂದ ತಡವಾಗಿ ಬಂದಾಗ ವಾಚ್‌ಮನ್ ಕಾಕಾ ಅದರ ಎರಡು ತುಂಡು ಹಚ್ಚಿ ಚಳಿ ಕಾಯಿಸಿಕೊಳ್ಳುತ್ತಿದ್ದರು. ಅವರು ಅಫಜಲಪುರದವರು, ನಾನು ಧಾರವಾಡದವನು. "ಬರ್ರಿ ಸಾಹೇಬ್ರ, ಕಾಸ್ಕೋರಿ. ಇಂಥಾ ಒಣಾ ಕಟ್ಟಿಗಿ ಸುಮ್ನ ಯಾಕ ಒಗೀಬೇಕು?" ಎಂದರು. ನಾನೂ ಹತ್ತು ನಿಮಿಷ ಕೈ ಚಾಚಿ ನಿಂತೆ.

ಮರುದಿನ ಬೇರೇನೋ ಹುಡುಕುತ್ತ ಸೊಸೈಟಿಯ ಫೈಲ್ ತಿರುವಿದಾಗ ಆ ಮರ ಸಿಸಿಎ ಉಣಿಸಿದ ಪೈನ್ ಎಂದು ತಿಳಿಯಿತು. ಸಿಸಿಎ ಎಂದರೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್. ಇವನ್ನು ಒತ್ತಡದಿಂದ ಮರದೊಳಕ್ಕೆ ನುಗ್ಗಿಸುತ್ತಾರೆ. ತಾಮ್ರ ಶಿಲೀಂಧ್ರವನ್ನು, ಆರ್ಸೆನಿಕ್ ಗೆದ್ದಲನ್ನು ತಡೆಯುತ್ತದೆ. ಕ್ರೋಮಿಯಂ ಎರಡನ್ನೂ ಮರಕ್ಕೆ ಕಚ್ಚಿ ಹಿಡಿಸುತ್ತದೆ. ಇದನ್ನು 1933ರಲ್ಲಿ ಕಂಡುಹಿಡಿದವರು ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ. ಜಗತ್ತೆಲ್ಲ ಇದನ್ನು ಬಳಸಿತು. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನು ಹಾಕುವುದು ಬಹುಮಟ್ಟಿಗೆ ನಿಂತಿತು.

ಸುಟ್ಟರೆ ಮರ ಹೋಗುತ್ತದೆ, ಆರ್ಸೆನಿಕ್ ಹೋಗುವುದಿಲ್ಲ. ಅದು ಮೂಲಧಾತು, ಸ್ವಲ್ಪ ಹೊಗೆಯಲ್ಲಿ ಸೇರುತ್ತದೆ, ಉಳಿದದ್ದು ಬೂದಿಯಲ್ಲಿ ದಟ್ಟವಾಗುತ್ತದೆ. ನನಗೆ ಭಯವಾದದ್ದು ಇಲ್ಲೇ. ಬೂದಿ ಎಂದರೆ ನಮಗೆ ಶುದ್ಧ. ನಮ್ಮವ್ವ ಪಾತ್ರೆ ತಿಕ್ಕಿದ್ದು, ಬದನೆ ಗಿಡಕ್ಕೆ ಉದುರಿಸಿದ್ದು ಬೂದಿಯನ್ನೇ. ವಿಚಾರಿಸಿದರೆ ಕಾಕಾನ ಹೆಂಡತಿಯೂ ಅದನ್ನು ಶೆಡ್ಡಿನ ಹಿಂದಿನ ಮೆಂತ್ಯೆ ಮಡಿಗೆ ಹಾಕಿದ್ದರು.

ಮೆಂತ್ಯೆ ಕಿತ್ತೆವು. ಗ್ಲೌಸ್, ಮಾಸ್ಕ್ ಹಾಕಿಕೊಂಡು ಬೂದಿಯನ್ನು ಮೇಲ್ಮಣ್ಣಿನ ಸಮೇತ ಎರಡು ಪದರದ ಚೀಲಕ್ಕೆ ತುಂಬಿದೆವು. ಮಳೆ ನೀರಿಗೆ ವಿಷ ಇಳಿಯದಂತೆ ಮರದ ರಾಶಿಗೆ ತಾಡಪತ್ರಿ ಹೊದಿಸಿದೆವು. ಒಲೆಗೆಂದು ಕೇಳಿದವರಿಗೆ ಕೊಡಲಿಲ್ಲ. ಪುಡಿ ಮಾಡಿ ಗಿಡಗಳ ಬುಡಕ್ಕೆ ಹಾಕುವ ಯೋಚನೆಯನ್ನೂ ಕೈಬಿಟ್ಟೆವು. ಕೊನೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರ ಮೂಲಕ ಎಲ್ಲವನ್ನೂ ಅಪಾಯಕಾರಿ ತ್ಯಾಜ್ಯದ ಘಟಕಕ್ಕೆ ಕಳಿಸಿದೆವು. "ಹಳೇ ಕಟ್ಟಿಗೆಗೆ ನಾವೇ ದುಡ್ಡು ಕೊಡೋದಾ?" ಎಂದು ಸೊಸೈಟಿ ಮೀಟಿಂಗಿನಲ್ಲಿ ಜಗಳವೇ ಆಯಿತು. ಮೆಂತ್ಯೆಯ ಕಥೆ ಹೇಳಿದ ಮೇಲೆ ಹಣ ಮಂಜೂರಾಯಿತು.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಇಂಥ ಚಪ್ಪರ, ಬೇಲಿ, ಮಕ್ಕಳ ಜೋಕಾಲಿ ಇರಬಹುದು. ಹೊಸದರಲ್ಲಿ ಕಾಣುವ ಹಸಿರು ಛಾಯೆ ವರ್ಷಗಳಲ್ಲಿ ಮಾಸುವುದರಿಂದ ಕಣ್ಣಳತೆಗೆ ಸಿಗುವುದಿಲ್ಲ. ಕೀಳುವ ಮುನ್ನ ಫೈಲ್ ನೋಡಿ. ಕಿತ್ತ ದಿನವೇ ವಾಚ್‌ಮನ್‌ಗೆ, ಕೆಲಸದವರಿಗೆ ಅವರ ಭಾಷೆಯಲ್ಲೇ ತಿಳಿಸಿ.

ಕಾಕಾನ ಕ್ಯಾಬಿನ್ನಿಗೆ ಈಗ ಹೀಟರ್ ಬಂದಿದೆ. "ಬೂದಿನೂ ನಂಬೂ ಹಂಗಿಲ್ಲ ಅಂದ್ರ ಹೆಂಗ್ರಿ ಸಾಹೇಬ್ರ?" ಎಂದು ಈಗಲೂ ಕೇಳುತ್ತಾರೆ.